ಮೊಣಕಾಲು ಸವೆತ ಮತ್ತು ಅದರ ಉಪದ್ರವಗಳು

ಶ್ರೀಮಠದ ದಾಸೋಹ ಮಂಟಪದಲ್ಲಿ ಗೋಡೆಗುಂಟ ಒಂದು ಸಾಲು ಪ್ಲಾಸ್ಟಿಕ್ ಕುರ್ಚಿಗಳಿರುವುದನ್ನು ಭಕ್ತರೆಲ್ಲರೂ ಕಂಡಿದ್ದೀರಿ. ನಾವು ವೈದ್ಯವೃತ್ತಿಯನ್ನು ಆರಂಭಿಸಿದ ಕಾಲದಲ್ಲಿ ಅಲ್ಲಿ ಕುರ್ಚಿಗಳೇ ಇರಲಿಲ್ಲ. ಹಿರಿಯರು ಕಿರಿಯರೆನ್ನದೆ ಎಲ್ಲರೂ ನೆಲದ ಮೇಲೆ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುತ್ತಿದ್ದರು. ಮೊದಲು ನಾಲ್ಕು ಕುರ್ಚಿಗಳು ಬಂದವು, ಬಳಿಕ ಹತ್ತಾದವು. ಈಗ ಶ್ರಾವಣ ಮಾಸದ ಪ್ರವಚನದ ದಿನಗಳಲ್ಲಿ ಆ ಒಂದು ಸಾಲು ಸಾಲುವುದೇ ಇಲ್ಲ. ಅಲ್ಲಿ ಕುಳಿತವರನ್ನು ಮಾತನಾಡಿಸಿದರೆ ಬಹುತೇಕರ ಕೈ ಹೋಗುವುದು ಮೊಣಕಾಲಿನತ್ತ. ಅವರ ಬಗೆಗೆ ನಮಗೆ ಅಷ್ಟಾಗಿ ಚಿಂತೆಯಿಲ್ಲ. ಅವರು ನಡೆದು ಬಂದಿದ್ದಾರೆ. ಆ ಕುರ್ಚಿಯವರೆಗೂ ಬರಲಾರದೆ ಮನೆಯ ಒಳಕೋಣೆಯಲ್ಲಿ ಉಳಿದುಬಿಟ್ಟವರಿದ್ದಾರಲ್ಲ, ಈ ಲೇಖನವನ್ನು ಅವರಿಗಾಗಿಯೂ ಅವರ ಮಕ್ಕಳು ಸೊಸೆಯಂದಿರಿಗಾಗಿಯೂ ಬರೆಯುತ್ತಿದ್ದೇವೆ.

ಮೊಣಕಾಲು ನೋವಿಗೆ ಯಾವ ತೈಲ ಹಚ್ಚಬೇಕು, ಯಾವ ಪಥ್ಯ ಮಾಡಬೇಕು ಎಂಬ ಪ್ರಶ್ನೆಗಳಿಗೆ ಉತ್ತರಿಸುವವರು ಊರಿಗೆ ನೂರು ಜನರಿದ್ದಾರೆ. ತೈಲ ಹಚ್ಚುವ ಹಂತವನ್ನು ದಾಟಿ ಹೋದ ಮೊಣಕಾಲು ಶರೀರದ ಉಳಿದ ಭಾಗಗಳಿಗೆ ಏನೇನು ಮಾಡುತ್ತದೆ ಎಂಬುದನ್ನು ಹೇಳುವವರು ಕಡಿಮೆ. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ‘ಉಪದ್ರವ’ ಎಂಬ ಹೆಸರಿದೆ. ಮೂಲ ರೋಗವು ಹುಟ್ಟಿದ ನಂತರ ಅದನ್ನೇ ಆಶ್ರಯಿಸಿಕೊಂಡು ಹುಟ್ಟುವ ಇನ್ನೊಂದು ರೋಗವೇ ಉಪದ್ರವವೆಂದು ಚರಕಾಚಾರ್ಯರ ಅಭಿಪ್ರಾಯ. ಅನೇಕ ವೇಳೆ ಉಪದ್ರವವು ಮೂಲ ರೋಗಕ್ಕಿಂತ ಹೆಚ್ಚು ಪೀಡಿಸುತ್ತದೆಂದೂ ಅವರು ಎಚ್ಚರಿಸಿದ್ದಾರೆ. ಮೊಣಕಾಲಿನ ವಿಷಯದಲ್ಲಿ ಈ ಮಾತು ಅಕ್ಷರಶಃ ಸತ್ಯ. ಮೊಣಕಾಲು ಸವೆದು ಯಾರೂ ಸಾಯುವುದಿಲ್ಲ. ಆದರೆ ಸವೆದ ಮೊಣಕಾಲಿನಿಂದ ಕಾಲು ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡವರು, ನೋವಿನ ಗುಳಿಗೆ ನುಂಗಿ ನುಂಗಿ ಮೂತ್ರಪಿಂಡ ಕೆಡಿಸಿಕೊಂಡವರು ಚೇತರಿಸಿಕೊಳ್ಳದೆ ಹೋದುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ತೀವ್ರ ಸವೆತ ಎಂದರೆ ಯಾವುದು?

ತೊಡೆಯ ಮೂಳೆಯ ಕೆಳತುದಿ ಮತ್ತು ಕಾಲಿನ ದೊಡ್ಡ ಮೂಳೆಯ ಮೇಲ್ತುದಿ ಒಂದಕ್ಕೊಂದು ಉಜ್ಜದಂತೆ ಅವುಗಳ ಮೇಲೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿರುತ್ತದೆ. ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ, ಜಿಡ್ಡಿನಂತಹ ಕೀಲುದ್ರವವಿದೆ. ಆಯುರ್ವೇದವು ಈ ಜಿಡ್ಡಿನ ಕಾರ್ಯವನ್ನು ಶ್ಲೇಷಕ ಕಫಕ್ಕೆ ವಹಿಸಿದೆ. ವಯಸ್ಸು, ಶರೀರಭಾರ, ಹಳೆಯ ಪೆಟ್ಟು, ವಂಶದ ಗುಣ, ಬಹುಕಾಲ ಕುಕ್ಕರಗಾಲಿನಲ್ಲಿ ಕುಳಿತು ಮಾಡುವ ಕಾಯಕ ಇವುಗಳಿಂದ ಆ ಹೊದಿಕೆ ತೆಳುವಾಗುತ್ತದೆ, ವಾತವು ಕೀಲನ್ನು ಸೇರುತ್ತದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 28ನೆಯ ಅಧ್ಯಾಯವು ವಾತವ್ಯಾಧಿಗಳಿಗೆ ಮೀಸಲಾದುದು. ಸಂಧಿಗತವಾತದಲ್ಲಿ ಕೀಲನ್ನು ಮುಟ್ಟಿದರೆ ಗಾಳಿ ತುಂಬಿದ ತೊಗಲಿನ ಚೀಲವನ್ನು ಮುಟ್ಟಿದಂತಾಗುತ್ತದೆ, ಮಡಚುವಾಗಲೂ ಚಾಚುವಾಗಲೂ ವೇದನೆಯಾಗುತ್ತದೆ ಎಂಬ ವರ್ಣನೆ ಅಲ್ಲಿದೆ. ಎಕ್ಸ್-ರೇ ಇಲ್ಲದ ಕಾಲದಲ್ಲಿ ಬೆರಳ ತುದಿಯಿಂದ ಮಾಡಿದ ಈ ಪರೀಕ್ಷೆಯನ್ನು ನಾವು ಇಂದಿಗೂ ಪ್ರತಿ ರೋಗಿಯಲ್ಲಿ ಮಾಡುತ್ತೇವೆ.

ಆಧುನಿಕರು ಎಕ್ಸ್-ರೇ ನೋಡಿ ಸವೆತವನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸುತ್ತಾರೆ. ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು 1957ರಲ್ಲಿ ಹಾಕಿಕೊಟ್ಟ ಕ್ರಮವಿದು. ನಾಲ್ಕನೆಯ ದರ್ಜೆಯಲ್ಲಿ ಎರಡು ಮೂಳೆಗಳ ನಡುವಿನ ಅಂತರವೇ ಅಳಿಸಿಹೋಗಿ, ಅಂಚಿನಲ್ಲಿ ದೊಡ್ಡ ಮುಳ್ಳುಗಳಂತಹ ಬೆಳವಣಿಗೆ ಕಾಣಿಸುತ್ತದೆ. ವರದಿಯಲ್ಲಿ ‘ಗ್ರೇಡ್ ನಾಲ್ಕು’ ಎಂದು ಬರೆದುದನ್ನು ಓದಿ ಕಣ್ಣೀರು ಹಾಕುತ್ತಾ ಬಂದವರಿದ್ದಾರೆ. ಅವರಿಗೆ ನಾವು ಹೇಳುವುದಿಷ್ಟೆ: ಚಿತ್ರ ಬೇರೆ, ನಡಿಗೆ ಬೇರೆ. ನಾಲ್ಕನೆಯ ದರ್ಜೆಯ ಚಿತ್ರವಿದ್ದೂ ಯುಗಾದಿಗೆ ಶ್ರೀಶೈಲದವರೆಗೆ ಪಾದಯಾತ್ರೆ ಮಾಡಿಬಂದ ರೈತರೊಬ್ಬರು ನಮ್ಮ ಪರಿಚಯದವರೇ. ಎರಡನೆಯ ದರ್ಜೆಯಲ್ಲಿಯೇ ಹಾಸಿಗೆ ಹಿಡಿದವರೂ ಇದ್ದಾರೆ. ಆದುದರಿಂದ ನಾವು ಕೇಳುವ ಪ್ರಶ್ನೆಗಳು ಬೇರೆ. ರಾತ್ರಿ ನೋವಿಗೆ ಎಚ್ಚರವಾಗುತ್ತದೆಯೇ? ಒಂದು ಓಣಿ ದಾಟಲು ಎಷ್ಟು ಸಲ ನಿಲ್ಲುತ್ತೀರಿ? ಕಾಲು ಪೂರ್ತಿ ನೆಟ್ಟಗಾಗುತ್ತದೆಯೇ? ಯಾವ ಗುಳಿಗೆಯನ್ನು, ಎಷ್ಟು ವರ್ಷದಿಂದ ತೆಗೆದುಕೊಳ್ಳುತ್ತಿದ್ದೀರಿ?

ದಿಂಬು ಮಾಡುವ ಕೇಡು

ಮೂರನೆಯ ಪ್ರಶ್ನೆಯನ್ನು ಸ್ವಲ್ಪ ವಿಸ್ತರಿಸಬೇಕು, ಏಕೆಂದರೆ ಇದನ್ನು ಮನೆಯಲ್ಲಿ ಯಾರೂ ಗಮನಿಸುವುದಿಲ್ಲ. ನೋಯುವ ಮೊಣಕಾಲು ಸ್ವಲ್ಪ ಮಡಚಿಕೊಂಡಿದ್ದಾಗ ಹಿತವಾಗಿರುತ್ತದೆ. ಕೀಲಿನೊಳಗೆ ನೀರು ತುಂಬಿದಾಗಲಂತೂ ಮಡಚಿದ ಸ್ಥಿತಿಯಲ್ಲಿ ಒಳಗಿನ ಒತ್ತಡ ಕಡಿಮೆ. ಆದುದರಿಂದ ರೋಗಿ ಮಲಗುವಾಗ ಮೊಣಕಾಲಿನ ಕೆಳಗೆ ದಿಂಬು ಇಟ್ಟುಕೊಳ್ಳುತ್ತಾನೆ. ಪ್ರೀತಿಯ ಸೊಸೆ ತಾನೇ ದಿಂಬನ್ನು ತಂದಿಟ್ಟು ಹೋಗುತ್ತಾಳೆ. ತಿಂಗಳುಗಟ್ಟಲೆ ಹೀಗೆ ಮಲಗಿದರೆ ಮೊಣಕಾಲಿನ ಹಿಂಬದಿಯ ಸ್ನಾಯುಗಳೂ ಕೀಲಿನ ಹಿಂಪೊರೆಯೂ ಕುಗ್ಗಿ, ಕಾಲು ನೆಟ್ಟಗಾಗುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಆ ಕಾಲು ಇನ್ನೊಂದಕ್ಕಿಂತ ಗಿಡ್ಡವಾದಂತೆ ಕಾಣುತ್ತದೆ, ಕುಂಟು ಬರುತ್ತದೆ, ಸೊಂಟವು ಒಂದು ಬದಿಗೆ ವಾಲುತ್ತದೆ. ಸ್ವಲ್ಪ ಕಾಲದಲ್ಲಿಯೇ ರೋಗಿ ಸೊಂಟನೋವಿನ ಔಷಧವನ್ನೂ ಕೇಳತೊಡಗುತ್ತಾನೆ.

ಪರೀಕ್ಷೆ ಸುಲಭ. ಗಟ್ಟಿಯಾದ ಹಾಸಿಗೆಯ ಮೇಲೆ ಅಂಗಾತ ಮಲಗಿ ಕಾಲು ಚಾಚಬೇಕು. ಮೊಣಕಾಲಿನ ಹಿಂಬದಿ ಹಾಸಿಗೆಗೆ ತಾಗಬೇಕು. ಅಲ್ಲಿ ಅಂಗೈ ತೂರಿಸುವಷ್ಟು ಸಂದಿ ಉಳಿದರೆ ದಿಂಬನ್ನು ಅಂದೇ ತೆಗೆದಿಡಿ. ಕಾಲಿಗೆ ಎತ್ತರ ಬೇಕೆನಿಸಿದರೆ ಹಿಮ್ಮಡಿಯ ಕೆಳಗೆ ಮಡಚಿದ ಟವೆಲ್ ಇಟ್ಟು, ಮೊಣಕಾಲನ್ನು ಕೆಳಕ್ಕೆ ಒತ್ತಿ ಐದು ಎಣಿಸುವ ತನಕ ಹಿಡಿಯಿರಿ. ದಿನಕ್ಕೆರಡು ಬಾರಿ, ಹತ್ತು ಹತ್ತು ಸಲ. ತೊಡೆಯ ಮುಂಭಾಗದ ಸ್ನಾಯು ಬಿಗಿಯಾಗುವುದು ಕೈಗೆ ತಿಳಿಯುತ್ತದೆ. ಆ ಸ್ನಾಯುವೇ ಮೊಣಕಾಲಿನ ಕಾವಲುಗಾರ. ನೋವಿಗೆ ಹೆದರಿ ಕಾಲು ಬಳಸದಿದ್ದರೆ ಅದು ಕೆಲವೇ ವಾರಗಳಲ್ಲಿ ಕೃಶವಾಗುತ್ತದೆ. ಕೃಶವಾದಷ್ಟೂ ಕೀಲಿನ ಮೇಲೆ ಭಾರ, ಭಾರವಾದಷ್ಟೂ ನೋವು, ನೋವಾದಷ್ಟೂ ವಿಶ್ರಾಂತಿ.

ಇನ್ನೊಂದು ವಿಕಾರ ಕಾಲು ಬಿಲ್ಲಿನಂತೆ ಬಾಗುವುದು. ನಮ್ಮ ಜನರಲ್ಲಿ ಮೊಣಕಾಲಿನ ಒಳಬದಿಯ ಅರ್ಧವೇ ಮೊದಲು ಸವೆಯುವುದನ್ನು ಹೆಚ್ಚಾಗಿ ಕಾಣುತ್ತೇವೆ. ಒಳಬದಿ ಕುಸಿದಂತೆ ಶರೀರದ ಭಾರವೆಲ್ಲ ಅದೇ ಬದಿಯ ಮೂಲಕ ಇಳಿಯುತ್ತದೆ, ಇನ್ನಷ್ಟು ಸವೆಯುತ್ತದೆ. ಮನೆಯವರಿಗೆ ಇದು ಮೊದಲು ತಿಳಿಯುವುದು ಚಪ್ಪಲಿಯಿಂದ. ಅಟ್ಟೆಯ ಹೊರ ಅಂಚು ಬೇಗ ಸವೆದಿರುತ್ತದೆ. ಬಾಗುವಿಕೆ ಅತಿಯಾದಾಗ ಹೊರಬದಿಯ ಕಟ್ಟುಗಳು ಸಡಿಲಗೊಂಡು, ಹೆಜ್ಜೆಯಿಟ್ಟಾಗಲೆಲ್ಲ ಮೊಣಕಾಲು ಹೊರಕ್ಕೆ ತೊನೆಯುತ್ತದೆ. ಅಪರೂಪಕ್ಕೆ ಅಂತಹ ಕಾಲಿನ ಮೂಳೆಯಲ್ಲಿ ಪೆಟ್ಟಿಲ್ಲದೆಯೇ ಸಣ್ಣ ಬಿರುಕು ಬರುವುದುಂಟು. ಮೊದಲೇ ಇದ್ದ ನೋವು ಒಂದು ದಿನ ಇದ್ದಕ್ಕಿದ್ದಂತೆ ಇಮ್ಮಡಿಯಾಗಿ, ಕೀಲಿಗಿಂತ ಕೆಳಗಿನ ಒಂದೇ ಜಾಗದಲ್ಲಿ ಒತ್ತಿದರೆ ಜೀವ ಹೋದಂತಾದರೆ ಎಕ್ಸ್-ರೇ ಮಾಡಿಸಲೇಬೇಕು.

ಇಲ್ಲಿ ನಮ್ಮದೇ ತಪ್ಪೊಂದನ್ನು ಹೇಳಿಕೊಳ್ಳಬೇಕಾಗಿದೆ. ಅನೇಕ ವರ್ಷಗಳ ಹಿಂದೆ, ನಿವೃತ್ತ ಶಾಲಾ ಶಿಕ್ಷಕರೊಬ್ಬರು, ಮಠದ ನಿಷ್ಠಾವಂತ ಭಕ್ತರು, ನಮ್ಮಲ್ಲಿ ಚಿಕಿತ್ಸೆಗೆ ಬರುತ್ತಿದ್ದರು. ಜಾನುಬಸ್ತಿ, ಅಭ್ಯಂಗ, ಸ್ವೇದನ, ವರ್ಷಕ್ಕೊಮ್ಮೆ ಬಸ್ತಿಕರ್ಮ, ಎಲ್ಲವನ್ನೂ ಶಾಸ್ತ್ರೋಕ್ತವಾಗಿ ಮಾಡಿದೆವು. ಮೊದಲ ಎರಡು ವರ್ಷ ಅವರಿಗೆ ನಿಜವಾದ ಸುಖ ಸಿಕ್ಕಿತು. ಮೂರನೆಯ ವರ್ಷದಿಂದ ಸುಖದ ಅವಧಿ ಕಡಿಮೆಯಾಗುತ್ತ ಬಂದು, ಕಾಲು ಮಡಚಿಕೊಳ್ಳತೊಡಗಿತು. ಅವರು ಒಮ್ಮೆ, “ಡಾಕ್ಟರ್, ಶಸ್ತ್ರಚಿಕಿತ್ಸೆ ಮಾಡಿಸಲೇ?” ಎಂದು ಕೇಳಿದರು. “ಅವಸರವೇನು ಗುರುಗಳೇ, ಇನ್ನೊಂದು ಬಸ್ತಿ ನೋಡೋಣ” ಎಂದೆವು. ಹಾಗೆ ನೋಡುತ್ತಲೇ ಮತ್ತೆ ಮೂರು ವರ್ಷ ಕಳೆದವು. ಕೊನೆಗೆ ಮಗ ಒತ್ತಾಯದಿಂದ ನಗರಕ್ಕೆ ಕರೆದೊಯ್ದು ಕೀಲು ಬದಲಿಸಿದಾಗ, ಕಾಲು ಬಹುಕಾಲ ಮಡಚಿಕೊಂಡೇ ಇದ್ದುದರಿಂದ ಪೂರ್ತಿ ನೆಟ್ಟಗಾಗಲಿಲ್ಲ. ನೋವು ಹೋಯಿತು, ಕುಂಟು ಉಳಿಯಿತು. ಅವರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಅವರು ಗದ್ದುಗೆಯ ಮೆಟ್ಟಿಲನ್ನು ಏರುವುದನ್ನು ಕಂಡಾಗಲೆಲ್ಲ ಆ “ಇನ್ನೊಂದು ಬಸ್ತಿ” ನಮ್ಮ ನೆನಪಿಗೆ ಬರುತ್ತದೆ. ನಮ್ಮ ಶಾಸ್ತ್ರದ ಮೇಲಿನ ಅಭಿಮಾನವೂ ರೋಗಿಗೆ ಉಪದ್ರವವಾಗಬಲ್ಲದು.

ಊತ: ಯಾವುದು ಸಾಮಾನ್ಯ, ಯಾವುದು ಅಪಾಯ

ಸವೆದ ಕೀಲಿನಲ್ಲಿ ಆಗಾಗ ನೀರು ತುಂಬುವುದು ಸಾಮಾನ್ಯ. ಹೆಚ್ಚು ನಡೆದ ದಿನ, ಜಾತ್ರೆಯ ಮರುದಿನ ಊದಿಕೊಂಡು ವಿಶ್ರಾಂತಿಯಿಂದ ಇಳಿಯುತ್ತದೆ. ಆ ನೀರು ಕೆಲವರಲ್ಲಿ ಮೊಣಕಾಲಿನ ಹಿಂಬದಿಗೆ ನುಗ್ಗಿ ಅಲ್ಲಿ ಮೆತ್ತಗಿನ ಗಡ್ಡೆಯಾಗಿ ನಿಲ್ಲುತ್ತದೆ. ಇದನ್ನು ಬೇಕರ್ ಸಿಸ್ಟ್ ಎನ್ನುತ್ತಾರೆ. ಅದು ಅರ್ಬುದವೆಂದು ಗಾಬರಿಯಾಗಬೇಕಾದುದಿಲ್ಲ. ಆದರೆ ಅದು ಒಳಗೇ ಒಡೆದರೆ ನೀರು ಮೀನಖಂಡದೊಳಕ್ಕೆ ಇಳಿದು, ಮೀನಖಂಡವೆಲ್ಲ ಊದಿ, ಬಿಸಿಯಾಗಿ, ಮುಟ್ಟಗೊಡದಂತಾಗುತ್ತದೆ.

ಕಷ್ಟವಿರುವುದು ಇಲ್ಲಿಯೇ. ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದಾಗಲೂ ಮೀನಖಂಡ ಹೀಗೆಯೇ ಊದುತ್ತದೆ. ಬಹಳ ದಿನ ಹಾಸಿಗೆಯಲ್ಲಿಯೇ ಇದ್ದವರಿಗೂ, ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿಯೂ ಈ ಭಯ ಹೆಚ್ಚು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ. ಎರಡಕ್ಕೂ ಇರುವ ಭೇದವನ್ನು ಬರಿಗಣ್ಣಿನಿಂದ, ನಾಡಿಯಿಂದ ಹೇಳುವುದಾಗದು; ಡಾಪ್ಲರ್ ಸ್ಕ್ಯಾನ್ ಮಾಡಿಸಬೇಕು. ಒಂದೇ ಕಾಲಿನ ಮೀನಖಂಡ ಹೊಸದಾಗಿ ಊದಿದ್ದರೆ ದಯವಿಟ್ಟು ಎಣ್ಣೆ ಹಚ್ಚಿ ತಿಕ್ಕಬೇಡಿ, ತಿಕ್ಕಿಸಿಕೊಳ್ಳಲು ನಮ್ಮಂತಹವರಲ್ಲಿಗೂ ಬರಬೇಡಿ. ಮೊದಲು ಆಸ್ಪತ್ರೆ. ತೈಲಮರ್ದನವನ್ನೇ ವೃತ್ತಿಯಾಗಿ ಮಾಡಿಕೊಂಡು ಬಂದ ನಾವು ಈ ಮಾತನ್ನು ಹೇಳುತ್ತಿರುವುದರಿಂದ ಓದುಗರು ಅದರ ಗಾಂಭೀರ್ಯವನ್ನು ಊಹಿಸಬಹುದು.

ಅದೇ ರೀತಿ ಮೊಣಕಾಲು ಒಂದೆರಡು ದಿನಗಳಲ್ಲಿಯೇ ಕೆಂಪಾಗಿ, ಕೆಂಡದಂತೆ ಬಿಸಿಯಾಗಿ, ಚಳಿಜ್ವರ ಬಂದರೆ ಅದು ವಾತವಲ್ಲ, ಕೀಲಿನೊಳಗೆ ಸೋಂಕು ಸೇರಿರಬಹುದು. ಸ್ವಚ್ಛತೆಯಿಲ್ಲದೆ ಕೀಲಿಗೆ ಚುಚ್ಚುಮದ್ದು ಹಾಕಿಸಿಕೊಂಡವರಲ್ಲಿ, ಮಧುಮೇಹಿಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಕೀಲಿನಲ್ಲಿ ಕ್ಯಾಲ್ಸಿಯಂ ಹರಳುಗಳು ಶೇಖರವಾಗಿಯೂ ಇಂತಹುದೇ ಉರಿಯೂತ ಬರುತ್ತದೆ. ಯಾವುದೆಂದು ತಿಳಿಯಲು ಕೀಲಿನ ನೀರು ತೆಗೆದು ಪರೀಕ್ಷಿಸಬೇಕು. ಸೋಂಕಾಗಿದ್ದರೆ ದಿನಗಳಲ್ಲಿಯೇ ಕೀಲು ಹಾಳಾಗುತ್ತದೆ. ಮನೆಯಲ್ಲಿ ಬಿಸಿ ಉಪ್ಪಿನ ಗಂಟು ಕೊಡುತ್ತ ಕೂಡುವ ಸಮಯವಲ್ಲ ಅದು.

ಗಂಟಿನ ಮಾತು ಬಂದುದರಿಂದ ಒಂದು ಎಚ್ಚರಿಕೆ. ಮಧುಮೇಹದಿಂದ ಕಾಲಿನ ಸ್ಪರ್ಶಜ್ಞಾನ ಕುಂದಿದವರಿಗೆ ಬಿಸಿ ತಿಳಿಯುವುದಿಲ್ಲ; ಕಾವು ಕೊಡಲು ಹೋಗಿ ಸುಟ್ಟ ಗಾಯ ಮಾಡಿಕೊಂಡವರನ್ನು ಪ್ರತಿ ಚಳಿಗಾಲದಲ್ಲಿಯೂ ನೋಡುತ್ತೇವೆ. ಗೇರಿನ ಎಣ್ಣೆ ಹಚ್ಚಿ ಬೊಬ್ಬೆ ಎಬ್ಬಿಸುವುದು, ಕಾದ ಕಬ್ಬಿಣದಿಂದ ಬರೆ ಹಾಕಿಸುವುದು ಹಳ್ಳಿಗಳಲ್ಲಿ ಇನ್ನೂ ನಿಂತಿಲ್ಲ. ಅಗ್ನಿಕರ್ಮವು ಶಾಸ್ತ್ರದಲ್ಲಿದೆ ನಿಜ. ಆದರೆ ಊರ ಹೊರಗಿನ ಗುಡಿಯ ಕಟ್ಟೆಯ ಮೇಲೆ ತುಕ್ಕು ಹಿಡಿದ ಸರಳಿನಿಂದ ಮಾಡುವುದು ಅಗ್ನಿಕರ್ಮವಲ್ಲ. ಮೊಣಕಾಲಿನ ಮೇಲಿನ ಚರ್ಮದಲ್ಲಿ ಹುಣ್ಣಿದ್ದರೆ ಮುಂದೆ ಶಸ್ತ್ರಚಿಕಿತ್ಸೆ ಬೇಕಾದಾಗ ಯಾವ ಶಸ್ತ್ರವೈದ್ಯನೂ ಮುಟ್ಟುವುದಿಲ್ಲ.

ಬೀಳುವುದು, ನೀರು ಬಿಡುವುದು

ತೀವ್ರ ಸವೆತವುಳ್ಳವರ ಮನೆಗೆ ಹೋದಾಗ ನಾವು ಮೊದಲು ನೋಡುವುದು ಬಚ್ಚಲುಮನೆಯನ್ನು. ರೋಗಿಯ ಕೋಣೆಯಿಂದ ಅದು ಎಷ್ಟು ದೂರ, ನಡುವೆ ಹೊಸ್ತಿಲಿದೆಯೇ, ರಾತ್ರಿ ದೀಪವಿದೆಯೇ, ಹಿಡಿದುಕೊಳ್ಳಲು ಏನಾದರೂ ಇದೆಯೇ? ಬಲಗುಂದಿದ ತೊಡೆ, ತೊನೆಯುವ ಮೊಣಕಾಲು, ಒದ್ದೆ ನೆಲ, ಅರೆನಿದ್ದೆ. ಬೀಳಲು ಇನ್ನೇನು ಬೇಕು? ಮೂಳೆಯೂ ಟೊಳ್ಳಾಗಿರುವ ವಯಸ್ಸಿನಲ್ಲಿ ಹಾಗೆ ಬಿದ್ದರೆ ಮುರಿಯುವುದು ಬಹುತೇಕ ಸೊಂಟದ ಕೀಲಿನ ಬಳಿಯ ಮೂಳೆ.

ಬೀಳುವ ಭಯಕ್ಕಿಂತಲೂ ಗುಟ್ಟಾದ ಇನ್ನೊಂದು ಉಪದ್ರವವಿದೆ. ಕುಕ್ಕರಗಾಲಿನ ಶೌಚಾಲಯದಲ್ಲಿ ಕುಳಿತೇಳಲಾಗದ ತಾಯಂದಿರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಕೆಲವರು ಮಧ್ಯಾಹ್ನದ ನಂತರ ಗುಟುಕು ನೀರನ್ನೂ ಮುಟ್ಟುವುದಿಲ್ಲ. ನಾಚಿಕೆಯಿಂದ ಇದನ್ನು ಮಗನಿಗೆ ಹೇಳುವುದಿಲ್ಲ, ವೈದ್ಯರಿಗೂ ಹೇಳುವುದಿಲ್ಲ. ಪದೇ ಪದೇ ಮೂತ್ರದ ಉರಿ, ಮಲಬದ್ಧತೆ, ತಲೆಸುತ್ತು ಎಂದು ಬರುತ್ತಾರೆ. ಮೂತ್ರದ ಸೋಂಕಿಗೆ ಮೂರು ಬಾರಿ ಔಷಧ ಕೊಟ್ಟ ಮೇಲೆ ಒಬ್ಬ ಅಜ್ಜಿ ಸೊಸೆ ಹೊರಗೆ ಹೋದುದನ್ನು ನೋಡಿ ನಮ್ಮ ಕಿವಿಯ ಬಳಿ, “ಡಾಕ್ಟರ್ರೀ, ಕುಂತ್ರ ಏಳಾಕ ಆಗೂದಿಲ್ಲ, ಅದಕ್ಕ ನೀರ ಬಿಟ್ಟೀನಿ” ಎಂದರು. ಆಕೆಗೆ ಬೇಕಾಗಿದ್ದುದು ಚಂದ್ರಪ್ರಭಾ ವಟಿಯಾಗಿರಲಿಲ್ಲ. ಕುರ್ಚಿಯಂತಹ ಕಮೋಡ್ ಬೇಕಾಗಿತ್ತು. ನಡುವೆ ರಂಧ್ರವಿರುವ ಕಮೋಡ್ ಕುರ್ಚಿ ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತದೆ, ಇದ್ದ ಶೌಚಾಲಯದ ಮೇಲೆಯೇ ಇಡಬಹುದು. ಜೊತೆಗೆ ಗೋಡೆಗೆ ಒಂದು ಕಬ್ಬಿಣದ ಹಿಡಿಕೆ ಸಾಕು.

ಊರುಗೋಲನ್ನು ನೋಯುವ ಕಾಲಿನ ಬದಿಯ ಕೈಯಲ್ಲಿ ಹಿಡಿಯುವುದು ನಾವು ಕಾಣುವ ಸಾಮಾನ್ಯ ತಪ್ಪು. ಬಲ ಮೊಣಕಾಲು ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು. ಬಲಗಾಲಿನೊಡನೆ ಕೋಲೂ ಮುಂದೆ ಬರಬೇಕು. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿಕೆಯು ಮಣಿಕಟ್ಟಿನ ಮಟ್ಟಕ್ಕಿರಲಿ. ಕೋಲು ಹಿಡಿದರೆ ಮುದುಕರಾದೆವೆಂದು ಸಂಕೋಚಪಡುವವರಿಗೆ ಏನೆನ್ನಬೇಕೋ ತಿಳಿಯದು; ಬಿದ್ದ ಮೇಲೆ ವಾಕರ್ ಹಿಡಿಯಲು ಯಾರೂ ಸಂಕೋಚಪಡುವುದಿಲ್ಲ.

ಗುಳಿಗೆ ಮತ್ತು ಪುಡಿ

ಇನ್ನು ಗುಳಿಗೆಯ ವಿಚಾರ. ಡೈಕ್ಲೋಫೆನಾಕ್, ಏಸಿಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದ ನೋವುನಿವಾರಕಗಳು ವೈದ್ಯರ ಸಲಹೆಯಂತೆ ಕೆಲವು ದಿನ ತೆಗೆದುಕೊಂಡರೆ ಉಪಕಾರಿಗಳೇ. ಔಷಧದ ಅಂಗಡಿಯಲ್ಲಿ ಕೇಳಿ ತಂದು ವರ್ಷಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗುತ್ತದೆ, ರಕ್ತದೊತ್ತಡ ಏರುತ್ತದೆ, ದುರ್ಬಲ ಹೃದಯವು ಇನ್ನಷ್ಟು ಬಳಲುತ್ತದೆ, ಮೂತ್ರಪಿಂಡ ಸೊರಗುತ್ತದೆ. ರಕ್ತದೊತ್ತಡದ ಕೆಲವು ಗುಳಿಗೆಗಳು ಮತ್ತು ಮೂತ್ರ ಹೆಚ್ಚಿಸುವ ಗುಳಿಗೆಯ ಜೊತೆಗೆ ಇವು ಸೇರಿದಾಗ ಮೂತ್ರಪಿಂಡಕ್ಕೆ ಬೀಳುವ ಪೆಟ್ಟು ಬಹಳ ದೊಡ್ಡದು. ಅದರ ಮೇಲೆ ಈಗಾಗಲೇ ಹೇಳಿದಂತೆ ನೀರನ್ನೂ ಬಿಟ್ಟಿದ್ದರೆ ಕೇಳುವುದೇ ಬೇಡ. ಮಲವು ಡಾಂಬರಿನಂತೆ ಕಪ್ಪಾಗಿ ಹೋದರೆ, ಮುಖ ಕಾಲು ಊದಿದರೆ, ಮೂತ್ರ ಕಡಿಮೆಯಾದರೆ ಆ ದಿನವೇ ವೈದ್ಯರನ್ನು ಕಾಣಬೇಕು.

ನಮಗೆ ಹೆಚ್ಚು ನೋವು ತರುವುದು ನಮ್ಮ ಶಾಸ್ತ್ರದ ಹೆಸರಿನಲ್ಲಿಯೇ ಮಾರಾಟವಾಗುವ ಪುಡಿಗಳು. ಜಾತ್ರೆಯಲ್ಲಿ, ಸಂತೆಯಲ್ಲಿ, ರಸ್ತೆಬದಿಯ ಡೇರೆಯಲ್ಲಿ “ನೂರಕ್ಕೆ ನೂರು ಗಿಡಮೂಲಿಕೆ” ಎಂದು ಹೇಳಿ, ಹೆಸರಿಲ್ಲದ ಪೊಟ್ಟಣ ಕೊಡುತ್ತಾರೆ. ಮೂರನೆಯ ದಿನವೇ ನೋವು ಮಾಯ, ಹಸಿವು ಹೆಚ್ಚು, ಉತ್ಸಾಹ ಹೆಚ್ಚು. ಓದುಗರೇ, ಗಿಡಮೂಲಿಕೆ ಹಾಗೆ ಕೆಲಸ ಮಾಡುವುದಿಲ್ಲ. ಮೂರು ದಿನದಲ್ಲಿ ಸಂಧಿಗತವಾತವನ್ನು ಓಡಿಸುವ ಬೇರು ಯಾವ ನಿಘಂಟಿನಲ್ಲಿಯೂ ಇಲ್ಲ. ಇಂತಹ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂಬ ಸ್ಟೆರಾಯ್ಡುಗಳು ಬೆರೆತಿರುವುದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ.

ನಮ್ಮಲ್ಲಿಗೆ ಬಂದ ಒಬ್ಬ ತಾಯಿ ಎರಡು ವರ್ಷ ಅಂತಹ ಪುಡಿ ಸೇವಿಸಿದ್ದರು. ಮುಖ ಹುಣ್ಣಿಮೆಯ ಚಂದ್ರನಂತೆ ದುಂಡಾಗಿತ್ತು, ಕೈಕಾಲು ಸಣ್ಣವಾಗಿ ಹೊಟ್ಟೆ ಮುಂದೆ ಬಂದಿತ್ತು, ಚರ್ಮ ಹಿಡಿದಲ್ಲೆಲ್ಲ ನೀಲಿಗಟ್ಟುತ್ತಿತ್ತು. ಇಲ್ಲದಿದ್ದ ಸಕ್ಕರೆ ಕಾಯಿಲೆ ಬಂದಿತ್ತು. “ಆಯುರ್ವೇದ ಐತಿ, ಅಡ್ಡಪರಿಣಾಮ ಇಲ್ಲ ಅಂದ್ರು” ಎಂಬುದು ಅವರ ಮಾತು. ಡೇರೆ ಎತ್ತಿಕೊಂಡು ಮಾರುವವನು ಹೊರಟುಹೋದ. ಪುಡಿ ಮುಗಿದ ನಾಲ್ಕನೆಯ ದಿನ ವಾಂತಿ, ಬಲಹೀನತೆ, ರಕ್ತದೊತ್ತಡ ಕುಸಿತ, ಅರೆಪ್ರಜ್ಞೆ. ಬಹುಕಾಲ ಹೊರಗಿನಿಂದ ಸ್ಟೆರಾಯ್ಡು ಸಿಕ್ಕಿದಾಗ ಶರೀರದ ಅಡ್ರಿನಲ್ ಗ್ರಂಥಿಗಳು ತಮ್ಮ ಕೆಲಸವನ್ನು ನಿಲ್ಲಿಸಿಬಿಟ್ಟಿರುತ್ತವೆ. ಇದ್ದಕ್ಕಿದ್ದಂತೆ ಅದು ತಪ್ಪಿದರೆ ಹೀಗಾಗುತ್ತದೆ. ಆಸ್ಪತ್ರೆಗೆ ಸಕಾಲದಲ್ಲಿ ಸೇರಿದ್ದರಿಂದ ಬದುಕಿಕೊಂಡರು. ಆದುದರಿಂದ ಇಂತಹ ಪುಡಿಯನ್ನು ಸೇವಿಸುತ್ತಿರುವವರು ಈ ಲೇಖನ ಓದಿ ಭಯದಿಂದ ಇಂದೇ ಎಸೆಯಬೇಡಿ. ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡು ವೈದ್ಯರಲ್ಲಿಗೆ ಹೋಗಿ, ಅವರು ಕ್ರಮವಾಗಿ ಇಳಿಸುತ್ತಾರೆ.

ಪರವಾನಗಿ ಪಡೆದ ಆಯುರ್ವೇದ ಔಷಧದ ಡಬ್ಬಿಯ ಮೇಲೆ ತಯಾರಕರ ಹೆಸರು ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನಾಂಕ, ಒಳಗಿರುವ ದ್ರವ್ಯಗಳು ಇರಲೇಬೇಕೆಂದು ಕಾನೂನಿದೆ. ಇವು ಇದ್ದ ಮಾತ್ರಕ್ಕೆ ಮನಸ್ಸಿಗೆ ಬಂದಷ್ಟು ತಿನ್ನಬಹುದೆಂದಲ್ಲ. ಗುಗ್ಗುಲು ಕಲ್ಪಗಳು ಕೆಲವರ ಜಠರಕ್ಕೆ ಒಗ್ಗುವುದಿಲ್ಲ. ಭಸ್ಮಗಳನ್ನಂತೂ ಪಕ್ಕದ ಮನೆಯವರ ಮಾತು ಕೇಳಿ ಸೇವಿಸಲೇಬಾರದು.

ಕೀಲು ಬದಲಾವಣೆ

ಕೀಲು ಬದಲಾವಣೆಯ ಹೆಸರು ನಮ್ಮ ಹಳ್ಳಿಗಳಿಗೆ ತಲುಪಿದುದು ಪ್ರಧಾನಿಯಾಗಿದ್ದ ಅಟಲ್ ಬಿಹಾರಿ ವಾಜಪೇಯಿಯವರಿಂದ ಎಂದರೆ ತಪ್ಪಾಗದು. 2000ದಲ್ಲಿ ಅವರ ಒಂದು ಮೊಣಕಾಲಿಗೆ, 2001ರಲ್ಲಿ ಇನ್ನೊಂದಕ್ಕೆ ಮುಂಬೈಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆಗ ಅದು ದೊಡ್ಡವರ ಚಿಕಿತ್ಸೆ ಎಂಬ ಭಾವನೆಯಿತ್ತು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವು ಕೃತಕ ಕೀಲುಗಳ ಬೆಲೆಗೆ ಮಿತಿ ಹಾಕಿದ ಮೇಲೆ ಖರ್ಚು ಸ್ವಲ್ಪ ಕೈಗೆಟುಕುವಂತಾಗಿದೆ. ಸರಿಯಾಗಿ ಕೂಡಿಸಿದ ಕೃತಕ ಕೀಲು ಬಹುಪಾಲು ಜನರಲ್ಲಿ ಹದಿನೈದು ಇಪ್ಪತ್ತು ವರ್ಷ ಬಾಳುತ್ತದೆ.

ಯಾವಾಗ ಮಾಡಿಸಬೇಕು? ರಾತ್ರಿಯ ನಿದ್ರೆ ಹೋದಾಗ, ಮನೆಯೊಳಗಿನ ನಡಿಗೆಗೂ ಕಷ್ಟವಾದಾಗ, ವ್ಯಾಯಾಮ ಪಥ್ಯ ಔಷಧಗಳಿಂದ ಆರೇಳು ತಿಂಗಳಾದರೂ ಸುಧಾರಣೆ ಕಾಣದಾಗ, ಕಾಲು ವರ್ಷದಿಂದ ವರ್ಷಕ್ಕೆ ಹೆಚ್ಚು ಬಾಗುತ್ತಿರುವಾಗ ಅಸ್ಥಿತಜ್ಞರ ಅಭಿಪ್ರಾಯ ಪಡೆಯಲೇಬೇಕು. ಅಭಿಪ್ರಾಯ ಪಡೆದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಲೇಬೇಕೆಂದಿಲ್ಲ. ತೀರ ಬೇಗ ಮಾಡಿಸಿದ ಕೆಲವರು ಅತೃಪ್ತರಾಗಿರುವುದನ್ನೂ ನೋಡಿದ್ದೇವೆ. ಅದರ ಮೊದಲು ಹಲ್ಲಿನ ಕೀವು, ಮೂತ್ರದ ಸೋಂಕು, ಕಾಲಿನ ಬೆರಳಸಂದಿಯ ಹುಣ್ಣು ಇವೆಲ್ಲ ವಾಸಿಯಾಗಿರಬೇಕು, ಸಕ್ಕರೆ ಹತೋಟಿಯಲ್ಲಿರಬೇಕು; ಕೃತಕ ಕೀಲಿಗೆ ಸೋಂಕು ತಗಲಿದರೆ ಅದನ್ನು ಬಿಡಿಸುವುದು ಬಹಳ ಕಷ್ಟ. ತೊಡೆಯ ಸ್ನಾಯುವನ್ನು ಮೊದಲೇ ಬಲಪಡಿಸಿಕೊಂಡವರು ಬೇಗ ನಡೆಯುತ್ತಾರೆ. ಶಸ್ತ್ರಚಿಕಿತ್ಸೆಯ ನಂತರದ ತೈಲ, ಸ್ವೇದನಗಳನ್ನು ಗಾಯ ಪೂರ್ಣವಾಗಿ ಮಾಗಿ, ಶಸ್ತ್ರವೈದ್ಯರು ಒಪ್ಪಿದ ಮೇಲೆಯೇ ನಾವು ಮಾಡುತ್ತೇವೆ.

ತೂಕದ ಬಗ್ಗೆ ಒಂದು ಲೆಕ್ಕ. ಮೊಣಕಾಲು ಸವೆದ, ತೂಕ ಹೆಚ್ಚಿದ್ದ ಹಿರಿಯರ ಮೇಲೆ ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಂತೆ, ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಐದು ಕಿಲೋ ಇಳಿಸಿದವರು ಹೆಜ್ಜೆಗೆ ಇಪ್ಪತ್ತು ಕಿಲೋ ಇಳಿಸಿದಂತಾಯಿತು. ಮಠದ ಪ್ರಸಾದದಲ್ಲಿ ಹುಗ್ಗಿಯನ್ನು ಬೇಡವೆನ್ನಬೇಕಾಗಿಲ್ಲ. ಎರಡನೆಯ ಸಲ ಬಡಿಸಲು ಬಂದಾಗ ಕೈ ಅಡ್ಡ ಹಿಡಿದರೆ ಸಾಕು.

ಮನೆಯಲ್ಲಿ ಉಳಿದುಬಿಟ್ಟವರ ವಿಷಯಕ್ಕೆ ಮರಳೋಣ. ಅವರಲ್ಲಿ ಅನೇಕರಿಗೆ ನೋವಿಗಿಂತ ದೊಡ್ಡ ದುಃಖವೆಂದರೆ ನೆಲದ ಮೇಲೆ ಕುಳಿತು ಇಷ್ಟಲಿಂಗ ಪೂಜೆ ಮಾಡಲಾಗುತ್ತಿಲ್ಲವೆಂಬುದು. ಕುರ್ಚಿಯಲ್ಲಿ ಕುಳಿತರೆ ಪೂಜೆ ಸಲ್ಲುತ್ತದೆಯೋ ಇಲ್ಲವೋ ಎಂಬ ಅಳುಕಿನಿಂದ ಪೂಜೆಯನ್ನೇ ಮೊಟಕು ಮಾಡಿ, ಒಳಗೊಳಗೇ ಕೊರಗುತ್ತಾರೆ. ಅಂಗೈಯಲ್ಲಿರುವ ಲಿಂಗಕ್ಕೆ ಕುರ್ಚಿಯೇನು, ನೆಲವೇನು? ಬೆನ್ನು ನೆಟ್ಟಗಿರುವ ಕುರ್ಚಿ, ಮುಂದೊಂದು ಸಣ್ಣ ಮೇಜು, ಪಾದಗಳು ನೆಲಕ್ಕೆ ತಾಗುವಷ್ಟು ಎತ್ತರ ಇವಿಷ್ಟಿದ್ದರಾಯಿತು. ಪೂಜೆ ಮುಗಿದ ಮೇಲೆ ಅದೇ ಕುರ್ಚಿಯಲ್ಲಿ ಕುಳಿತು ಒಂದೊಂದೇ ಕಾಲನ್ನು ನೆಟ್ಟಗೆ ಚಾಚಿ ಐದು ಎಣಿಸುವ ತನಕ ಹಿಡಿದು ಇಳಿಸಿ. ಪುಡಿ ಸೇವಿಸಿ ಸಾವಿನ ಬಾಗಿಲಿಗೆ ಹೋಗಿ ಬಂದ ಆ ತಾಯಿ ಈಗ ಮಾಡುತ್ತಿರುವುದು ಇದನ್ನೇ. ಕಳೆದ ವರ್ಷ ಒಂದು ಮೊಣಕಾಲನ್ನು ಬದಲಿಸಿಕೊಂಡಿದ್ದಾರೆ.

ಶ್ರೀಮಠದ ಆರೋಗ್ಯ ತಪಾಸಣೆಗೆ ಮೊಣಕಾಲು ತೋರಿಸಲು ಬರುವವರು ಹಳೆಯ ಎಕ್ಸ್-ರೇಗಳನ್ನು ತನ್ನಿ. ಹೊಸತು ಬೇಕೆಂದರೆ ನಿಂತುಕೊಂಡೇ ತೆಗೆಸಿ, ಮಲಗಿ ತೆಗೆದ ಚಿತ್ರದಲ್ಲಿ ಸವೆತ ಮರೆಯಾಗುತ್ತದೆ. ಸೇವಿಸುತ್ತಿರುವ ಎಲ್ಲ ಗುಳಿಗೆಗಳನ್ನು, ರಕ್ತದೊತ್ತಡ ಸಕ್ಕರೆಯವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಪುಡಿಯ ಪೊಟ್ಟಣವಿದ್ದರೆ ಅದನ್ನೂ ತನ್ನಿ, ನಾವು ಬೈಯುವುದಿಲ್ಲ. ನಿತ್ಯ ಹಾಕಿಕೊಳ್ಳುವ ಹಳೆಯ ಚಪ್ಪಲಿಯನ್ನೇ ಹಾಕಿಕೊಂಡು ಬನ್ನಿ. ಅದರ ಅಟ್ಟೆಯನ್ನು ನಾವು ನೋಡಬೇಕು.